ಮೈಲವ್ವನ ಕೂಸು ಹಳದಿಯಾದದ್ದು

ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ತೊಂಬತ್ತೆರಡನೆಯ ಇಸವಿಯಲ್ಲಿ, ಮೈಲವ್ವ ಬಸುರಾದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಗೆ ಹಿರಿಯ ಸೊಸೆ ಅವಳು. ಆದರೆ ಆ ಸುದ್ದಿ ಒಂದು ವಾರವೂ ಅವಳೊಬ್ಬಳದಾಗಿ ಉಳಿಯಲಿಲ್ಲ. ಹಿಂದಿನ ವರ್ಷವಷ್ಟೇ ಬಂದಿದ್ದ ನೆಗೆಣ್ಣಿ, ಮೈದುನನ ಹೆಂಡತಿ ಸುಶೀಲವ್ವನಿಗೆ ಆಗಲೇ ಎರಡು ತಿಂಗಳಾಗಿತ್ತು, ನಾಚಿಕೆಯಿಂದ ಹೇಳಿರಲಿಲ್ಲವಂತೆ. ಅತ್ತೆ ಉಚ್ಚಂಗೆವ್ವ ಇಬ್ಬರಿಗೂ ಒಂದೇ ದಿನ ಸೀಮಂತದ ಕುಬಸ ಮಾಡಿ ಮುಗಿಸಿದಳು.

ಇಬ್ಬರಿಗೂ ರಾಣೆಬೆನ್ನೂರಿನ ಒಂದೇ ನರ್ಸಿಂಗ್ ಹೋಮಿನಲ್ಲಿ ಸಿಜೇರಿಯನ್ ಆಯಿತು. ಸುಶೀಲವ್ವನದು ಮೊದಲು. ಮಗು ಅಡ್ಡವಾಗಿತ್ತೆಂದು ದಿನ ಗೊತ್ತುಮಾಡಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕೊಯ್ದರು. ಸೊಂಟದ ಕೆಳಗಷ್ಟೇ ಮರಗಟ್ಟಿತ್ತು. ಮಗ ಅತ್ತದ್ದನ್ನು ಅವಳು ಕಿವಿಯಾರೆ ಕೇಳಿದಳು, ತಾಸಿನೊಳಗೆ ಹಾಲೂ ಕುಡಿಸಿದಳು. ಹನ್ನೆರಡು ದಿನದ ಮೇಲೆ ಮೈಲವ್ವನನ್ನು ಕದರಮಂಡಲಗಿಯ ತವರಿನಿಂದ ಜೀಪಿನಲ್ಲಿ ತಂದಾಗ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಇಳಿಯುತ್ತಿತ್ತು. ಬೆನ್ನಿಗೆ ಕೊಟ್ಟು ಕಾಯುವಷ್ಟು ಹೊತ್ತಿರಲಿಲ್ಲ. ಪೂರ್ತಿ ಎಚ್ಚರ ತಪ್ಪಿಸಿದರು. ಅವಳು ಮಗಳ ಮುಖ ನೋಡುವಷ್ಟರಲ್ಲಿ ಸಂಜೆಯಾಗಿತ್ತು. ಕಸ ಗುಡಿಸುವವಳು ಸಹ ಅವಳಿಗಿಂತ ಮೊದಲು ನೋಡಿದ್ದಳು.

ಮೂರನೆಯ ದಿನ ಕೂಸಿಗೆ ಕಾಮಾಲೆ ಬಂತು. ಕಣ್ಣಿಗೆ ಬಟ್ಟೆ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಮೈಲವ್ವನಿಗೆ ಇನ್ನೂ ಹಾಲು ಇಳಿದಿರಲಿಲ್ಲ. ಸುಶೀಲವ್ವನ ಮಗನಿಗೆ ಇಂಥದ್ದೇನೂ ಆಗಲಿಲ್ಲವೆಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಮೈಲವ್ವನ ಹೊಟ್ಟೆಯೊಳಗೆ ಹೊಲಿಗೆಯ ಉರಿಗಿಂತ ಬೇರೆಯದೇ ಒಂದು ಉರಿ ಏಳುತ್ತಿತ್ತು.

ಡಾಕ್ಟರಮ್ಮ ಬಂದಾಗ ಕೇಳಿಯೇಬಿಟ್ಟಳು. “ಆಕಿಗೆ ಬೆನ್ನಿಗೆ ಕೊಟ್ರಿ, ನನಗ ಎಚ್ಚರ ತಪ್ಪಿಸಿದ್ರಿ. ಅದಕ್ಕ ನನ್ನ ಕೂಸಿಗೆ ಕಾಮಣಿ ಬಂತೇನ್ರಿ?”

ಡಾಕ್ಟರಮ್ಮ ಸ್ಟೂಲಿನ ಮೇಲೆ ಕುಳಿತರು. ಆ ಔಷಧಿಗೂ ಕಾಮಾಲೆಗೂ ನಂಟಿದೆಯೇ ಎಂದು ಕೆಲವರು ಹುಡುಕುತ್ತಿದ್ದಾರೆ, ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದರು. ಕೂಸು ಎರಡು ವಾರ ಮುಂಚೆ ಹುಟ್ಟಿದ್ದು, ಹಾಲು ತಡವಾದದ್ದು ಕೂಡ ಕಾರಣವಿರಬಹುದು ಎಂದರು.

“ಅವತ್ತು ತಡಾ ಮಾಡಿದ್ರ ಕೂಸ ಉಳೀತಿರಲಿಲ್ಲ, ಮೈಲವ್ವಾ. ಈಗ ಅದರ ಹೊಟ್ಟಿ ತುಂಬಬೇಕು.”

ಮರುದಿನ ಬೆಳಿಗ್ಗೆ ಸುಶೀಲವ್ವ ಬಂದಳು. ಅವಳ ತವರು ರಾಣೆಬೆನ್ನೂರೇ. ಬಾಣಂತಿ ಹೊಸ್ತಿಲು ದಾಟಬಾರದೆಂಬ ತಾಯಿಯ ಮಾತು ಮೀರಿ, ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ತನಗೆ ಹಾಲು ಬೇಕಾದಷ್ಟಿದೆ, ಕೂಸಿಗೆ ಕುಡಿಸುತ್ತೇನೆ ಎಂದಳು.

“ಎಲ್ಲಾ ನಿನಗ ಮೊದಲ ಆತು,” ಎಂದಳು ಮೈಲವ್ವ. “ಇದೊಂದು ನನಗ ಇರಲಿ ಬಿಡು.”

ಸುಶೀಲವ್ವ ಮನೆಗೆ ಹೋಗಲಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತಳು.

ಮಧ್ಯಾಹ್ನದ ರಕ್ತಪರೀಕ್ಷೆಯಲ್ಲಿ ಕಾಮಾಲೆ ಇನ್ನೂ ಏರಿತ್ತು. ಹೀಗೇ ಏರಿದರೆ ಹುಬ್ಬಳ್ಳಿಗೆ ಒಯ್ದು ರಕ್ತ ಬದಲಿಸಬೇಕಾಗುತ್ತದೆ ಎಂದರು. ಕೂಸು ಅಳುವುದನ್ನೇ ಬಿಟ್ಟಿತ್ತು. ಮೈಲವ್ವ ಗೋಡೆಯ ಕಡೆ ನೋಡುತ್ತಲೇ ಕೂಗಿದಳು.

“ಸುಶೀಲಾ, ಬಾ. ಕುಡಸು.”

ಗುಟುಕಿನ ಸದ್ದು ಕೇಳಿದಾಗ ತಿರುಗಿದಳು. ಮಗಳು ಉಳಿಯಲೆಂದು ಬೇಡುತ್ತಿದ್ದ ಮನಸ್ಸೇ, ಅವಳು ಆ ಎದೆಯನ್ನು ಬಿಟ್ಟುಬಿಡಲಿ ಎಂದೂ ಬಯಸಿತು. ಕೂಸು ಬಿಡಲಿಲ್ಲ.

ಸುಶೀಲವ್ವ ದಿನಕ್ಕೆ ನಾಲ್ಕು ಸಲದಂತೆ ಎರಡು ದಿನ ಬಂದಳು. ಹುಬ್ಬಳ್ಳಿಗೆ ಹೋಗುವ ಪ್ರಸಂಗ ಬರಲಿಲ್ಲ. ಮೂರನೆಯ ದಿನ ಮೈಲವ್ವನ ರವಿಕೆ ತಾನೇ ಒದ್ದೆಯಾಯಿತು. ಅವಳು ಮಗಳನ್ನು ಎದೆಗೆ ಹಚ್ಚಿಕೊಂಡು, ಬಾಗಿಲಿಗೆ ಬಂದ ನೆಗೆಣ್ಣಿಗೆ ನಾಳೆಯಿಂದ ಬರಬೇಡ, ಬಿಸಿಲು ಬಹಳ, ನಿನ್ನ ಮೈ ನೋಡಿಕೋ ಎಂದಳು. ಅದರಲ್ಲಿ ಅರ್ಧ ಕಾಳಜಿ ಇತ್ತು. ಸುಶೀಲವ್ವನಿಗೂ ಅದು ತಿಳಿಯಿತು. ನಕ್ಕು, ಕೂಸಿನ ತಲೆ ಸವರಿ ಹೋದಳು.