ಅತ್ತೆಯ ಬಲಗಾಲು

ನನ್ನ ಗಂಡನ ಪ್ರಕಾರ ಅವನ ಅಮ್ಮನ ಆಟೋಮ್ಯಾಟಿಕ್ ಕಾರು ಸತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಎಷ್ಟು ತುಳಿದರೂ ಗೇರ್ ಇಳಿಯದೆ ಏದುಸಿರು ಬಿಡುತ್ತಿತ್ತು. ಮೊನ್ನೆ ಯಾರೋ ಸೈಕಲ್ಲಿನವನು ದಾಟಿ ಹೋಗಿ, ತಿರುಗಿ ನೋಡಿ ನಕ್ಕಿದ್ದ. ಗಂಡನ ಮರ್ಯಾದೆಗೆ ಅಷ್ಟು ಸಾಕಾಯಿತು. ಸಂಜೆ ಬಂದು ಒಯ್ಯಲು ಗುಜರಿಯವನಿಗೆ ಹೇಳಿಬಿಟ್ಟ.

ಅತ್ತೆ ಊಟ ಬಿಟ್ಟು ಕೂತರು. "ಕಾರು ಹೋದ್ರೆ ಒಂದು ಸೂಜಿ ತರೋಕೂ ಇವನ ಕೈಕಾಲು ಹಿಡೀಬೇಕಲ್ಲಮ್ಮ," ಎಂದಾಗ ನಾನು ಕಾರಿನ ಕೀ ತೆಗೆದುಕೊಂಡು ಹೊರಗೆ ಹೋದೆ.

ನಾನು ಗ್ಯಾರೇಜಿನವನ ಮಗಳು. ಬಾನೆಟ್ ಎತ್ತಿ ನೋಡಿದರೆ ಸತ್ತಿದ್ದು ಕಾರಲ್ಲ, ಕಿಕ್‌ಡೌನ್ ಕೇಬಲ್. ಆಕ್ಸಿಲರೇಟರ್ ಪೂರ್ತಿ ತುಳಿದಾಗ, 'ಒಂದು ಗೇರ್ ಇಳಿ ಮಾರಾಯ' ಎಂದು ಗೇರ್‌ಬಾಕ್ಸಿಗೆ ಸುದ್ದಿ ಮುಟ್ಟಿಸುವ ತಂತಿ ಅದು. ಕಡಿದುಹೋಗಿತ್ತು.

ಹೊಸ ಕೇಬಲ್ ತಂದು, ಜಾಕಿನಲ್ಲಿ ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಅದರ ಕೆಳಗೆ ನುಸುಳಿದೆ. ಗೇರ್‌ಬಾಕ್ಸಿನ ಬೋಲ್ಟ್ ಬಿಚ್ಚಿದ್ದೇ ತಡ, ಎಣ್ಣೆ ನೇರ ಮೂಗಿನ ಮೇಲೆ.

"ನೀರಲ್ಲಿ ಹೋಮ ಮಾಡ್ತಿದೀಯ," ಎಂದ ಗಂಡ, ಬಾಗಿಲಿಗೆ ಒರಗಿಕೊಂಡು.

"ಆ ಹಳೇ ಬಟ್ಟೆ ಇತ್ಲಾಗೆ ಎಸೆದು ಆಮೇಲೆ ಮಾತಾಡು."

ಕೇಬಲ್ ಕೂರಿಸಿ, ಎಣ್ಣೆ ತುಂಬಿ, ಗಾಡಿ ಇಳಿಸಿದೆ. ಕೊನೆಯ ಕೆಲಸ ಡ್ರೈವರ್ ಸೀಟಿನಲ್ಲಿ ಕೂತ ಅತ್ತೆಯದು. ಎಂಜಿನ್ ಆಫ್ ಇಟ್ಟು, ಕೇಬಲ್ಲಿನ ಲಾಕ್ ಒತ್ತಿ ಹಿಂದೆ ಸರಿಸಿದ ಮೇಲೆ, ಆಕ್ಸಿಲರೇಟರನ್ನು ಒಮ್ಮೆ ನೆಲ ಮುಟ್ಟುವವರೆಗೆ ತುಳಿಯಬೇಕು. ಆಗ ಕೇಬಲ್ ಟಿಕ್ ಟಿಕ್ ಎಂದು ಸರಿದು ತಾನೇ ಅಳತೆಗೆ ಕೂರುತ್ತದೆ. ಆದರೆ ನಮ್ಮತ್ತೆ ಇರುವೆ ಕಂಡರೂ ಸುತ್ತು ಹಾಕಿ ನಡೆಯುವವರು.

"ತುಳೀರಿ ಅತ್ತೆ!"

ಒಂದೇ ಟಿಕ್.

"ಇನ್ನೂ ಜೋರಾಗಿ!"

"ಪಾಪ, ಏನಾದ್ರೂ ಮುರಿದ್ರೆ?"

"ನನ್ನ ಮೇಲೆ ಸಿಟ್ಟು ಬಂದಷ್ಟು ತುಳೀರಿ."

ಇನ್ನೊಂದು ಟಿಕ್. ಇಷ್ಟು ವರ್ಷ ಅವರು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ್ದೆಲ್ಲ ಇಷ್ಟೇ ಸಿಟ್ಟಿಗಾ ಎಂದು ನನಗೆ ಸಮಾಧಾನವಾಯಿತು.

"ಮಗನ ಮೇಲೆ ಬಂದಷ್ಟು!"

ಟಿಕ್ ಟಿಕ್ ಟಿಕ್ ಟಿಕ್. ಕಾರೇ ಅಲುಗಿತು. ಗಂಡ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ನಮ್ಮ ಮನೆ ಏರಿನ ತುದಿಯಲ್ಲಿದೆ. ಮೂವರೂ ಕೆಳಗಿನವರೆಗೆ ಹೋಗಿ ಗಾಡಿ ತಿರುಗಿಸಿದೆವು, ಸ್ಟಿಯರಿಂಗ್ ಅತ್ತೆಯದೇ. ಅರ್ಧ ಏರಿನಲ್ಲಿ ಒಂದು ಟೆಂಪೋ ಕುಂಟುತ್ತಿತ್ತು. ಎದುರು ರಸ್ತೆ ಖಾಲಿ. ಅತ್ತೆ ಹಲ್ಲು ಕಚ್ಚಿ ತುಳಿದರು. ಗೇರ್ ಇಳಿಯಿತು, ಎಂಜಿನ್ ಗುಡುಗಿತು, ಟೆಂಪೋ ಹಿಂದೆ ಬಿತ್ತು. ಖುಷಿಗೆ ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಗಂಡನ ಫೋನ್ ಬಡಿದುಕೊಂಡಿತು. ಗುಜರಿಯವನ ದನಿ ನಮಗೂ ಕೇಳುವಷ್ಟು ದೊಡ್ಡದಿತ್ತು: "ಸಾರ್, ಟೆಂಪೋ ತಂದಿದೀನಿ, ಏರು ಹತ್ತುತಾ ಇದೀನಿ. ಆ ಸತ್ತ ಕಾರು ಎಲ್ಲಿದೆ?"

ಗಂಡ ಹಿಂದಿನ ಗಾಜಿನಲ್ಲಿ ನೋಡಿದ. ಅಮ್ಮನ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಈಗ ನಿಮ್ಮನ್ನ ಹಿಂದೆ ಹಾಕ್ತಲ್ಲ," ಎಂದ, "ಅದೇ."