ಒಂದು ಹಿಡಿ ಸುಣ್ಣ

ನನ್ನದು ಕಾವಿನ ಕೈ ಎಂದು ಲಾಲಾ ಅತ್ತೆ ಹೇಳಿ ಇಪ್ಪತ್ತಾರು ವರ್ಷಗಳಾಗಿದ್ದವು. ನಮ್ಮ ಬೆಟ್ಟದೂರಿನಲ್ಲಿ ಕೆಲವು ಹೆಂಗಸರಿಗೆ ಈ ಹೆಸರು ಅಂಟಿಬಿಡುತ್ತದೆ. ಅವರು ಮುಟ್ಟಿದ ಮೆಕ್ಕೆಜೋಳದ ಹಿಟ್ಟು ಸೀಳುತ್ತದಂತೆ, ಒಳಗಿನ ಹೂರಣ ನಿಲ್ಲುವುದಿಲ್ಲವಂತೆ.

ಮದುವೆಯಾಗಿ ಬಂದ ಮೂರನೆಯ ತಿಂಗಳಲ್ಲಿ ನಾನು ತಟ್ಟಿದ ಮೊದಲ ಪುಪುಸಾಗಳು, ಎಂದರೆ ಹೂರಣ ತುಂಬಿದ ಜೋಳದ ರೊಟ್ಟಿಗಳು, ಹೆಂಚಿನ ಮೇಲೆ ಒಂದೊಂದಾಗಿ ಬಾಯಿಬಿಟ್ಟವು. ಅದೇ ವಾರ ನನ್ನ ಮೊದಲ ಬಸಿರು ಇಳಿದುಹೋಯಿತು. ಎರಡನ್ನೂ ಸೇರಿಸಿ ಯಾರೂ ಏನೂ ಹೇಳಲಿಲ್ಲ. ಸೇರಿಸಿಕೊಂಡವಳು ನಾನೇ. ಮೂರು ವರ್ಷದ ಮೇಲೆ ಮಾರಿಸೆಲ ಹುಟ್ಟಿದಳು. ಆದರೂ ನಾನು ಮತ್ತೆ ಹಿಟ್ಟಿಗೆ ಕೈ ಹಾಕಲಿಲ್ಲ. ಜೋಳ ತೊಳೆಯುವುದು, ಗಿರಣಿಗೆ ಹೊರುವುದು, ಎಲೆಕೋಸು ಹೆಚ್ಚಿ ಉಪ್ಪಿನಕಾಯಿಯಂತೆ ಹುಳಿ ಬರಿಸುವುದು ನನ್ನ ಪಾಲಿಗೆ ಬಂತು. ಭಾನುವಾರ ಹೆಂಚಿನ ಮುಂದೆ ಕೂತು ತಟ್ಟುವುದು ಅತ್ತೆಯ ಪಾಲು. ತಿಂದವರೆಲ್ಲ ಅವರ ಕೈಯನ್ನು ಹೊಗಳಿ ಹೋಗುತ್ತಿದ್ದರು.

ಆ ಅಕ್ಟೋಬರಿನಲ್ಲಿ ಅತ್ತೆ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೊಣಕೈವರೆಗೂ ಪ್ಲಾಸ್ಟರ್ ಹಾಕಿದರು. ಅದಾಗಿ ಹತ್ತು ದಿನಕ್ಕೆ ಮಾರಿಸೆಲ ರಾಜಧಾನಿ ಸಾನ್ ಸಾಲ್ವಡೋರಿನಿಂದ ಫೋನ್ ಮಾಡಿದಳು. ಅವಳಿಗೆ ನಾಲ್ಕನೆಯ ತಿಂಗಳು.

"ಅಮ್ಮಾ, ಏನು ತಿಂದ್ರೂ ವಾಪಸ್ ಬರ್ತಿದೆ. ಲೊರೊಕೊ ಮೊಗ್ಗು ಹಾಕಿದ ಪುಪುಸಾ ಒಂದೇ ಕಣ್ಮುಂದೆ ಬರ್ತಿರೋದು. ಭಾನುವಾರ ಬರ್ತೀನಿ."

"ಅಜ್ಜಿ ಕೈಗೆ ಪ್ಲಾಸ್ಟರ್ ಹಾಕಿದ್ದಾರಲ್ಲೇ."

"ನೀನಿದ್ದೀಯಲ್ಲ!" ಎಂದು ನಕ್ಕು ಫೋನಿಟ್ಟಳು. ನನ್ನ ಕೈಯ ಕಥೆ ಅವಳಿಗೆ ಗೊತ್ತಿರಲಿಲ್ಲ.

ಬಸುರಿ ಮಗಳಿಗೆ ನನ್ನ ಕೈಯದನ್ನು ತಿನ್ನಿಸುವುದೇ? ಎರಡು ದಿನ ನನಗೆ ಅದೇ ಯೋಚನೆ. ಇಂಥ ಭಯಕ್ಕೆ ಅರ್ಥವಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಅದು ಹೊಟ್ಟೆಯಲ್ಲಿ ಕೂತೇ ಇತ್ತು.

ಶನಿವಾರ ಸಂಜೆ ಜೋಳ ಒಲೆಗೇರಿಸಿದೆ. ಸಿಪ್ಪೆ ಬಿಡಲು ಸುಣ್ಣ ಹಾಕಿ ಬೇಯಿಸಬೇಕು. ಎಷ್ಟು ಎಂದು ಅತ್ತೆಯನ್ನು ಕೇಳಬಹುದಿತ್ತು, ಅವರು ಪಕ್ಕದ ಕೋಣೆಯಲ್ಲೇ ರೇಡಿಯೊ ಕೇಳುತ್ತಿದ್ದರು. ಕೇಳಲಿಲ್ಲ. ಇಪ್ಪತ್ತಾರು ವರ್ಷ ನೋಡಿದ್ದೆನಲ್ಲ, ಒಂದು ಹಿಡಿ. ಒಂದು ಹಿಡಿ ಹಾಕಿದೆ.

ಬೆಳಿಗ್ಗೆ ಮುಚ್ಚಳ ತೆಗೆದರೆ ಜೋಳ ಅರಿಶಿನ ಬಳಿದುಕೊಂಡಂತಿತ್ತು. ಸಿಪ್ಪೆ ಲೋಳೆಯಾಗಿತ್ತು. ಗಾಬರಿಯಲ್ಲಿ ಮೂರು ನೀರು ಹಾಕಿ ತೊಳೆದು ಗಿರಣಿಗೆ ಓಡಿದೆ. ಗಿರಣಿಯ ಕ್ಲೋತಿಲ್ದೆ ಒಂದು ಕಾಳು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು.

"ಏನೇ ನೊಯೆಮಿ, ಇದು ತಿನ್ನೋಕೋ, ಗೋಡೆಗೆ ಬಳಿಯೋಕೋ?"

ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಎಷ್ಟು ಸುರಿದ್ಯೇ ಸುಣ್ಣಾನ?"

"ಒಂದು ಹಿಡಿ. ಅತ್ತೆ ಹಾಕೋ ಹಾಗೇನೇ."

"ನಿಮ್ಮತ್ತೆ ಹಿಡಿ ಅಂದ್ರೆ ಕೋಳಿಮರಿ ಹಿಡಿ. ನಿನ್ನ ಕೈ ನೋಡ್ಕೋ, ಮೊರದಗಲ ಇದೆ! ಹೋಗು, ತೊಳ್ಕೊಂಡು ಬಾ. ಇದನ್ನ ನನ್ನ ಕಲ್ಲಿಗೆ ಹಾಕಲ್ಲ."

ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದೆ. ಅತ್ತೆ ತೊಟ್ಟಿಯ ಪಕ್ಕ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬುಟ್ಟಿಯೊಳಗೆ ಇಣುಕಿ ನೋಡಿದರು.

ತೊಳೆಯುವುದು ನನಗೆ ಗೊತ್ತಿದ್ದ ಕೆಲಸ. ಅಂಗೈಗಳ ನಡುವೆ ಕಾಳು ಹಿಡಿದು ಉಜ್ಜಬೇಕು, ಒಡೆಯುವಷ್ಟಲ್ಲ. ನಾಲ್ಕನೆಯ ನೀರು ಮಜ್ಜಿಗೆಯಂತಿತ್ತು. ಏಳನೆಯದು ಬೂದಿ ಬಣ್ಣಕ್ಕಿಳಿಯಿತು. ಅಷ್ಟರಲ್ಲಿ ಗಾಬರಿ ಹೋಗಿ ಕೈಗೆ ಅದರ ಲಯ ಸಿಕ್ಕಿತ್ತು. ಹನ್ನೊಂದನೆಯ ನೀರಿಗೆ ಕಾಳು ಬೆರಳ ನಡುವೆ ಕಿರ್ ಎಂದಿತು. ಒಂದನ್ನು ನಾಲಿಗೆಗಿಟ್ಟೆ. ಚುರುಗುಟ್ಟಲಿಲ್ಲ. ಜೋಳದ ಸಿಹಿ ಬಂದಿತ್ತು.

"ನಾನಾಗಿದ್ರೆ ಕೋಳಿಗೆ ಸುರೀತಿದ್ದೆ," ಎಂದರು ಅತ್ತೆ.

"ನೀವಾಗಿದ್ರೆ ಇಷ್ಟು ಸುಣ್ಣ ಹಾಕ್ತಿರಲಿಲ್ಲ."

"ಅದು ಸರಿ. ಆದ್ರೆ ನೀನು ಬರೋಕೆ ಮುಂಚೆ ನಾನೂ ಜೋಳಾನ ಮೂರು ನೀರಿಗೇ ಬಿಟ್ಟುಬಿಡ್ತಿದ್ದೆ. ಆಗ ನನ್ನ ಪುಪುಸಾನ ಯಾರೂ ಹೊಗಳ್ತಿರಲಿಲ್ಲ, ಗೊತ್ತಾ?"

ನಾನು ತಲೆಯೆತ್ತಿ ನೋಡಿದೆ. ಅವರು ಪ್ಲಾಸ್ಟರಿನ ಅಂಚು ಕೆರೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಮಾರಿಸೆಲ ಬಂದಳು. ಕೆನ್ನೆ ಇಳಿದುಹೋಗಿತ್ತು. ಚಪ್ಪಲಿ ಬಿಟ್ಟವಳೇ ಹೆಂಚಿನ ಪಕ್ಕದ ಮಣೆಯ ಮೇಲೆ ಕೂತಳು. ಗಿರಣಿಯಿಂದ ಬೀಸಿಸಿ ತಂದ ಹಿಟ್ಟು ಸಿದ್ಧವಿತ್ತು. ರುಬ್ಬಿದ ಕೆಂಪು ಬೀನ್ಸ್ ಕಾಳು, ಹಿಂಜಿದ ಚೀಸ್, ಹಸಿರು ಲೊರೊಕೊ ಮೊಗ್ಗುಗಳು ಬಟ್ಟಲಿನಲ್ಲಿದ್ದವು. ನಾನು ಮಾತ್ರ ಹಿಟ್ಟಿನ ಮುಂದೆ ಕೈ ಒರೆಸಿಕೊಳ್ಳುತ್ತಲೇ ನಿಂತಿದ್ದೆ.

"ಅಮ್ಮಾ, ಕೈ ಸವೆದುಹೋಗುತ್ತೆ," ಎಂದಳು ಮಗಳು.

"ಅತ್ತೆ," ಎಂದೆ, ಒಲೆಯ ಆ ಬದಿಯಲ್ಲಿ ಕೂತಿದ್ದ ಅವರ ಕಡೆ ತಿರುಗಿ. "ಆವತ್ತು ನಾನು ತಟ್ಟಿದ್ದು..."

ನಾನು ಯಾವತ್ತಿನ ಮಾತಾಡುತ್ತಿದ್ದೇನೆಂದು ಅವರು ಕೇಳಲಿಲ್ಲ. ಎಡಗೈಯಲ್ಲಿ ಒಂದು ಕೊಳ್ಳಿಯನ್ನು ಒಲೆಯೊಳಕ್ಕೆ ತಳ್ಳಿದರು.

"ಆವತ್ತಿನ ಹಿಟ್ಟಿಗೆ ನೀರು ಕಮ್ಮಿಯಾಗಿತ್ತು. ಅದಕ್ಕೇ ಸೀಳ್ತು."

"ಬರೀ ನೀರಾ?"

"ಬರೀ ನೀರು. ನನಗಾಗ ನನ್ನ ಹೆಂಚಿನ ಮುಂದೆ ಇನ್ನೊಬ್ಬಳು ಬೇಕಿರಲಿಲ್ಲ. ಏನೋ ಬಾಯಿಗೆ ಬಂದಿದ್ದು ಅಂದೆ. ಆಮೇಲೆ ನಿನಗೆ ಹಾಗಾಯ್ತು. ಅಂದ ಮಾತನ್ನ ವಾಪಸ್ ತಗೊಳ್ಳೋಕೆ ನನಗೆ ಬರಲಿಲ್ಲ."

ಹಿಟ್ಟಿನ ಬಟ್ಟಲನ್ನು ಅಲ್ಲೇ ಕುಕ್ಕಿ ಎದ್ದುಹೋಗಬೇಕು ಎನ್ನಿಸಿತು. ಇಪ್ಪತ್ತಾರು ವರ್ಷ! ಮಗಳು ಒಮ್ಮೆ ನನ್ನನ್ನು, ಒಮ್ಮೆ ಅಜ್ಜಿಯನ್ನು ನೋಡುತ್ತಿದ್ದಳು, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು. ಸಿಟ್ಟು ಹೋಗಲಿಲ್ಲ. ಆದರೆ ಇಷ್ಟು ವರ್ಷ ಹೊಟ್ಟೆಯಲ್ಲಿ ಕೂತಿದ್ದ ಆ ಭಯ ಎದ್ದು ಹೋದದ್ದು ಸ್ಪಷ್ಟವಾಗಿ ಗೊತ್ತಾಯಿತು.

ಬೊಗಸೆ ನೀರು ಚಿಮುಕಿಸಿ ಹಿಟ್ಟು ನಾದಿದೆ. ಅಂಗೈಗೆ ಎಣ್ಣೆನೀರು ಸವರಿ ಉಂಡೆ ಮಾಡಿ, ಗುಂಡಿ ಒತ್ತಿ ಹೂರಣ ತುಂಬಿ ಮುಚ್ಚಿದೆ. ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸುತ್ತ ತಟ್ಟಿದೆ. ಆ ಚಪ್ಪಾಳೆಯಂಥ ಸದ್ದು ಭಾನುವಾರ ಭಾನುವಾರ ಅತ್ತೆಯ ಕೈಯಿಂದ ಕೇಳಿದ್ದು.

ಮೊದಲನೆಯದು ಹೆಂಚಿನ ಮೇಲೆ ಬಿರಿಯಿತು. ಚೀಸ್ ಹೊರಗೆ ಹರಿದು ಚೊಂಯ್ ಎಂದು ಹೆಂಚಿಗಂಟಿತು. ಮಾರಿಸೆಲ ಬೆರಳು ಸುಟ್ಟುಕೊಳ್ಳುತ್ತಲೇ ಆ ಗರಿಗರಿ ಚೀಸ್ ಚೂರನ್ನು ಎಬ್ಬಿಸಿ ಬಾಯಿಗಿಟ್ಟಳು.

"ಇದೇ ಅಮ್ಮಾ ಬೇಕಿದ್ದಿದ್ದು! ಅಜ್ಜಿ ಯಾವತ್ತೂ ಚೀಸ್ ಹೀಗೆ ಹೊರಗೆ ಬರೋಕೆ ಬಿಡ್ತಾನೇ ಇರಲಿಲ್ಲ."

"ಹೂರಣ ಜಾಸ್ತಿ ತುಂಬಿದ್ದೀಯ," ಎಂದರು ಅತ್ತೆ. "ನಿನ್ನ ಕೈ ದೊಡ್ಡದು ಕಣೇ. ಎಲ್ಲಾದರಲ್ಲೂ ಸ್ವಲ್ಪ ಕಮ್ಮಿ ಹಿಡಿ."

ಎರಡನೆಯದು ನಿಂತಿತು. ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕೆ ಬಿದ್ದು. ಮಗಳು ಮೇಲೆ ಹುಳಿ ಬರಿಸಿದ ಎಲೆಕೋಸು ಹರಡಿಕೊಂಡು ಕೈಯಲ್ಲೇ ಮುರಿದು ತಿಂದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ಎರಡು ತಿಂದಳು, ಮೂರನೆಯದಕ್ಕೆ ತಟ್ಟೆ ಒಡ್ಡಿದಳು. ಯಾವುದೂ ವಾಪಸ್ ಬರಲಿಲ್ಲ.

"ನನಗಿಲ್ವಾ?" ಎಂದು ಅತ್ತೆ ಎಡಗೈ ಚಾಚಿದರು.

"ಕಾವಿನ ಕೈಯದು, ಪರವಾಗಿಲ್ವಾ?" ಎಂದೆ. ಮಾತು ನಾನಂದುಕೊಂಡದ್ದಕ್ಕಿಂತ ಖಾರವಾಗಿಯೇ ಬಂತು.

"ಬಿಸಿ ಇದ್ರೇ ತಾನೇ ರುಚಿ," ಎಂದರು. ಕಣ್ಣು ಮಾತ್ರ ಎತ್ತಲಿಲ್ಲ. ಮುರಿದುಕೊಳ್ಳಲು ಅವರ ಒಂದೇ ಕೈಗೆ ಆಗುತ್ತಿರಲಿಲ್ಲ. ನಾನೇ ಮುರಿದು ಕೊಟ್ಟೆ.

ಮಗಳು ಕೈ ನೆಕ್ಕುತ್ತ ಕೇಳಿದಳು, "ಅಮ್ಮಾ, ಅಲ್ಲಿ ರೂಮಲ್ಲಿ ನಾನೇ ಮಾಡ್ಕೊಂಡ್ರೆ, ಜೋಳಕ್ಕೆ ಸುಣ್ಣ ಎಷ್ಟು ಹಾಕ್ಲಿ?"

ಒಂದು ಹಿಡಿ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ.

"ಮೊದಲು ನಿನ್ನ ಕೈ ತೋರ್ಸು," ಎಂದೆ.