ದೊಡ್ಡ ಬೊಟ್ಟಿನ ಟೇಪು

ಕೋಲಾರದ ಹಾಡಿನ ಭಂಡಾರದಲ್ಲಿ ಮಧ್ಯಾಹ್ನದ ಹೊತ್ತು ಯಾವತ್ತೂ ಸ್ವಲ್ಪ ನಿಧಾನ. ತಣ್ಣನೆಯ ಕೋಣೆಯಲ್ಲಿ, ಗಾಜಿನ ಬಾಗಿಲ ಹಿಂದೆ, ಕಬ್ಬಿಣದ ಕೈಯೊಂದು ಟೇಪುಗಳ ಗೂಡುಗಳ ಮುಂದೆ ಏರಿ ಇಳಿಯುತ್ತಿತ್ತು. ಪ್ರತಿ ಗೂಡಿಗೂ ಕೆಂಪು ಬೆಳಕು ಬಿಟ್ಟು ನೋಡಿ, ಏನೂ ತಿಳಿಯದೆ ಮುಂದಕ್ಕೆ ಹೋಗುತ್ತಿತ್ತು. ಹಣ್ಣಾದ ರೇಷ್ಮೆ ಹುಳ ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆಯಾಡಿಸುವ ಹಾಗೆ.

ಕಾಂತರಾಜ್ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಭಂಡಾರದ ಡಿಸ್ಕು ಹೋದ ವಾರ ಕೆಟ್ಟಿತ್ತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಊರೂರು ತಿರುಗಿ ಭಂಡಾರದವರು ತುಂಬಿಸಿಕೊಂಡು ಬಂದಿದ್ದ ಹಾಡುಗಳೆಲ್ಲ ಈಗ ಈ ಟೇಪುಗಳಲ್ಲಿ ಮಾತ್ರ ಉಳಿದಿದ್ದವು. ಹೊಸ ಬ್ಯಾಕಪ್ ಸಾಫ್ಟ್‌ವೇರಿಗೆ ಈ ಯಂತ್ರದ ಪರಿಚಯ ಮಾಡಿಸುವುದು ಅವನ ಕೆಲಸ: ಎಷ್ಟು ಗೂಡು, ಯಾವುದರಲ್ಲಿ ಯಾವ ಟೇಪು, ಓದುವ ಡ್ರೈವ್ ಎಲ್ಲಿದೆ. ಆದರೆ ಪರದೆಯ ಮೇಲೆ ಗೂಡು ಗೂಡಿಗೂ ಒಂದೇ ಮಾತು: ಹೆಸರಿಲ್ಲದ ಟೇಪು.

ಹೆಸರಿಲ್ಲದ್ದನ್ನು ಖಾಲಿ ಎಂದು ಎಣಿಸಿ ಅದರ ಮೇಲೆ ಹೊಸದು ಬರೆಯುವ ಏರ್ಪಾಡೊಂದು ಸಾಫ್ಟ್‌ವೇರಿನಲ್ಲಿತ್ತು. ಅವನು ಮೊದಲು ಅದನ್ನು ನಿಲ್ಲಿಸಿದ. ಯಂತ್ರಗಳು ಹೇಳಿದ್ದನ್ನೆಲ್ಲ ನಂಬುತ್ತವೆ; ಅಷ್ಟು ನಂಬುವವರ ಹತ್ತಿರ ನೋಡಿಕೊಂಡು ಮಾತಾಡಬೇಕು.

ಭಂಡಾರವನ್ನು ಗುಡಿಸಿ ಒರೆಸುವ ಭಾರತಮ್ಮ ಬಾಗಿಲಲ್ಲೇ ನಿಂತಿದ್ದಳು.

"ಸಿಕ್ತಾ ನಾಯನಾ, ನಮ್ಮಮ್ಮನ ಹಾಡು?"

"ಹುಡುಕ್ತಾ ಐತೆ ಭಾರತಮ್ಮ."

"ನಾಳೆ ಮೊಮ್ಮಗೂನ ತೊಟ್ಟಿಲಿಗೆ ಹಾಕ್ಬೇಕು. ಅಮ್ಮನ ಜೋಗುಳ ಹಾಡಾಣಾಂದ್ರೆ ಕೊನೇ ಸಾಲು ಮರ್ತೇ ಹೋಗೈತೆ. ನಮ್ಮೂರು ಬೈರಕೂರಲ್ಲಿ ಕೇಳಿದ್ರೆ ಯಾರಿಗೂ ಬರಲ್ಲ."

ಅವಳ ತಾಯಿ ಮುನಿಗಂಗಮ್ಮ ಹೋಗಿ ವರ್ಷಗಳಾಗಿದ್ದವು.

ಕಾಂತರಾಜ್ ಯಂತ್ರದ ಕೈಯನ್ನು ನಿಲ್ಲಿಸಿ, ಬಾಗಿಲು ತೆಗೆದು ಒಂದು ಟೇಪು ಎಳೆದ. ಅದರ ಬೆನ್ನಿನ ಕಪ್ಪು ಗೆರೆಗಳ ಬಾರ್‌ಕೋಡ್ ಚೀಟಿಯ ಮೇಲೆ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಇನ್ನೊಂದು ಎಳೆದ. ಅದಕ್ಕೂ ಹಾಗೆಯೇ. ತಣ್ಣನೆಯ ಕೋಣೆಯಲ್ಲಿ ಪೂಜೆ ಮನೆಯ ವಾಸನೆ ತೇಲಿತು.

"ಇದ್ಯಾರಮ್ಮ ಇಟ್ಟಿದ್ದು?"

"ನಾನೇ, ಆಯುಧಪೂಜೆ ದಿನ. ಪೆಟ್ಟಿಗೆಗೊಂದೇ ಇಟ್ರೆ ಒಳಗಿರೋವು ಮುನಿಸ್ಕೊಳ್ಳಲ್ವಾ?"

ಅವನಿಗೆ ನಗು ತಡೆಯಲಾಗಲಿಲ್ಲ. "ಈ ಗೆರೆಗಳೇ ಟೇಪಿನ ಹೆಸ್ರು ಕಣಮ್ಮ. ನಿನ್ನ ಬೊಟ್ಟು ಅದ್ರ ಮೇಲೇ ಕೂತೈತೆ. ಕೈಗೆ ಓದಕ್ಕಾಗ್ತಿಲ್ಲ."

ಭಾರತಮ್ಮನ ಮುಖ ಇಳಿಯಿತು. "ಅಯ್ಯೋ, ನಮ್ಮಮ್ಮನ್ನ ನಾನೇ ಕಳ್ದ್‌ಬಿಟ್ನಾ?"

"ಕಳ್ದಿಲ್ಲ, ಇಲ್ಲೇ ಎಲ್ಲೋ ಇದಾರೆ. ಒರೆಸಿದ್ರೆ ಗೆರೆನೂ ಅಳಿಸೋಗ್ತೈತೆ, ಒಂದೊಂದೇ ಹಾಕಿ ಓದಿಸ್ಬೇಕು. ನಾಳೆಗಂತೂ ಆಗಲ್ಲ."

ಅವಳು ಸೆರಗಿನ ಅಂಚು ತಿರುವುತ್ತಾ ನಿಂತಳು. ಆಮೇಲೆ ಮೆಲ್ಲಗೆ, "ಅಮ್ಮಂದಕ್ಕೆ ದೊಡ್ಡ ಬೊಟ್ಟು ಇಟ್ಟಿದ್ದೆ. ಮೊದ್ಲು ಇಲ್ಲಿ ಟೇಪು ನೋಡ್ಕೊಳ್ತಿದ್ದ ಶ್ರೀಧರ್ ಸಾರು ಇದೇ ನೋಡು ಅಂತ ತೋರ್ಸಿದ್ರು. ಬೇರೆಯವ್ರಿಗಿಂತ ಒಂಚೂರು ಜಾಸ್ತಿ... ಯಾರ್ಗೂ ಹೇಳ್ಬೇಡ."

ಕೆಳಗಿನ ಸಾಲಿನ ಮೂಲೆಯಲ್ಲಿ ಅದು ಸಿಕ್ಕಿತು. ಹುಟ್ಟುವ ಚಂದ್ರನಷ್ಟು ಕೆಂಪಗೆ, ದುಂಡಗೆ. ಕಾಂತರಾಜ್ ಅದರ ಮೇಲೆ ಏನೂ ಬರೆಯದ ಹಾಗೆ ಟೇಪಿನ ಪಕ್ಕದ ಪುಟ್ಟ ಬೀಗ ಸರಿಸಿ, ತನ್ನ ಕೈಯಿಂದಲೇ ಡ್ರೈವ್‌ಗೆ ಹಾಕಿದ. ಒಳಗೆ ಟೇಪು ಸುತ್ತತೊಡಗಿತು. ಹಿಪ್ಪುನೇರಳೆ ಸೊಪ್ಪು ಹಾಕಿದಾಗ ಹುಳಮನೆಯಲ್ಲಿ ಕೇಳುವಂಥ ಸಣ್ಣ ಮಳೆಯ ಸದ್ದು. ಭಾರತಮ್ಮ ನೆಲದ ಮೇಲೆ ಕೂತು ಕಣ್ಣು ಮುಚ್ಚಿದಳು. ಸಂಜೆ ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಹಾಡು ಹೊಸ ಡಿಸ್ಕಿಗೆ ಇಳಿದಿತ್ತು.

ಮುನಿಗಂಗಮ್ಮನ ದನಿ ಕೋಣೆಗೆ ಬಂತು. ಹಿಂದೆಲ್ಲೋ ಕೋಳಿಯೊಂದು ಕೂಗುತ್ತಿತ್ತು. ಸಾಲು ಸಾಲಾಗಿ ತೊಟ್ಟಿಲು ತೂಗಿತು. ಕೊನೆಯ ಸಾಲಿಗೆ ಬಂದಾಗ ದನಿ ತಡೆದು, ಬರೀ "ಹೂಂ ಹೂಂ" ಎಂದು ಗುನುಗಿ, ನಕ್ಕುಬಿಟ್ಟಿತು.

"ಇದು ನನಗೂ ಮರ್ತೋಗೈತೆ ಕಣ್ರಪ್ಪ. ಹಾಡೋಳು ತನ್ನ ಸಾಲು ತಾನೇ ಹಾಕ್ಕೋಬೇಕು. ನಾನೂ ಹಂಗೇ ಹಾಕ್ಕೊಂಡಿದ್ದೆ."

ಭಾರತಮ್ಮ ಕಣ್ಣು ತೆರೆಯಲಿಲ್ಲ. ಕಾಂತರಾಜ್ ಮತ್ತೆ ಚಾಲೂ ಮಾಡಿದ ಕಬ್ಬಿಣದ ಕೈ ಗಾಜಿನ ಹಿಂದೆ ಏರಿ ಇಳಿಯತೊಡಗಿತು. ಅದರ ಲಯಕ್ಕೆ ತೂಗುತ್ತಾ, ಅವಳು ಮೆಲುದನಿಯಲ್ಲಿ ತನ್ನ ಸಾಲು ಹಾಕಿದಳು:

"ಜೋ ಜೋ ಕಂದಮ್ಮ, ಕತ್ಲಾಗೆ ಕಳ್ದೋದ್ರೆ ಹುಡುಕಿ ತರೋ ಕೈ ಐತೆ ಜೋ ಜೋ."